ಬ್ಯಾಟರಿಯ ಮೇಲಿನ ಭಂಡಾರ

ಕಳೆದ ಅಮಾವಾಸ್ಯೆಯ ಮರುದಿನ ಸಂಜೆ, ಬಾಗಲಕೋಟೆಯಿಂದ ಇಳಕಲ್ಲಿಗೆ ಹೊರಟಿದ್ದ ನನ್ನ ಕಾರಿನ ಡ್ಯಾಶ್‌ಬೋರ್ಡಿನ ದೀಪಗಳು ಅಮೀನಗಡ ಇನ್ನೂ ಸ್ವಲ್ಪ ದೂರವಿರುವಾಗ ಮಿನುಗತೊಡಗಿದವು. ಮೊದಲು ವೇಗದ ಮುಳ್ಳಿನ ಹಿಂದಿನ ಬೆಳಕು ಸಣ್ಣದಾಯಿತು, ಮತ್ತೆ ದೊಡ್ಡದಾಯಿತು. ಆಮೇಲೆ ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ ಹೊತ್ತಿ, ಆರಿ, ಮತ್ತೆ ಹೊತ್ತಿತು. ಗಾಲಿ ತಗ್ಗಿಗೆ ಬಿದ್ದಾಗಲೆಲ್ಲ ಅಷ್ಟೂ ದೀಪಗಳು ಒಟ್ಟಿಗೆ ಹೋಗಿ ಬರುತ್ತಿದ್ದವು. ಊರೊಳಗೆ ಬಂದು, ಬಸ್ಸುಗಳು ನಿಲ್ಲುವ ಜಾಗ ದಾಟಿ ಕಾರನ್ನು ರಸ್ತೆಯ ಬದಿಗೆ ಹಾಕಿ ಎಂಜಿನ್ ಆರಿಸಿದೆ. ಮತ್ತೆ ಕೀಲಿ ತಿರುಗಿಸಿದಾಗ ಟಕ್ ಟಕ್ ಎಂಬ ಸದ್ದು ಮಾತ್ರ ಬಂತು.

ಬಾನೆಟ್ ಎತ್ತಿದೆ. ಬ್ಯಾಟರಿಯ ಒಂದು ತುದಿಯಲ್ಲಿ ಬಿಳಿ ಹಸಿರು ಬೆರೆತ ಪುಡಿ ಹೂವಿನ ಹಾಗೆ ಅರಳಿತ್ತು. ಆಸಿಡ್ಡಿನ ಹುಳಿ ವಾಸನೆ ಮೂಗಿಗೆ ಹತ್ತಿತು. ಅದೇ ಹೊತ್ತಿಗೆ ಎದುರಿನ ಕರದಂಟಿನ ಅಂಗಡಿಯಿಂದ ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಬಂತು, ಅದರ ಹಿಂದೆಯೇ ಕಾಯ್ದ ಬೆಲ್ಲದ್ದು. ಈ ವಾಸನೆಗಳು ಕೂಡಿ ಬರುವ ಜಾಗ ನನಗೆ ಜಗತ್ತಿನಲ್ಲಿ ಒಂದೇ ಗೊತ್ತಿತ್ತು. ತಲೆ ಎತ್ತಿ ನೋಡಿದಾಗ ನಾನು ನಿಂತದ್ದು ಅದೇ ಜಾಗದಲ್ಲಿ. ಕರದಂಟಿನ ಅಂಗಡಿ ಇತ್ತು. ಅದರ ಮಗ್ಗುಲಿಗಿದ್ದ ಬ್ಯಾಟರಿ ಅಂಗಡಿ ಇರಲಿಲ್ಲ. ಅಲ್ಲೀಗ ಮೊಬೈಲ್ ಕವರುಗಳು ತೂಗುತ್ತಿದ್ದವು.

ಕರದಂಟಿನ ಅಂಗಡಿಯ ಒಳಗಿನಿಂದ ಒಬ್ಬ ಹೆಣ್ಣುಮಗಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ನನ್ನನ್ನು ನೋಡಿದಳು, ಎತ್ತಿದ ಬಾನೆಟ್ ನೋಡಿದಳು.

“ಪೇಪರ್‌ನ ಅಣ್ಣಾರ ಹೌದಲ್ರಿ? ಭಾಳ ವರ್ಷ ಆತು.”

ಆಕೆ ಯಾರೆಂಬುದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಾನು ಈ ಊರಲ್ಲಿದ್ದಾಗ ಬಾಡಿಗೆ ಕಾರು ಓಡಿಸುತ್ತಿದ್ದವನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಇದೇ ಅಂಗಡಿಯಲ್ಲಿ ಕರದಂಟು ಕತ್ತರಿಸಿ ಡಬ್ಬಿಗೆ ತುಂಬುವ ಕೆಲಸಕ್ಕೆ ಸೇರಿದ್ದಳು. ಈಗಲೂ ಅದೇ ಕೆಲಸ. ಕೂದಲು ಅರ್ಧ ಬೆಳ್ಳಗಾಗಿತ್ತು.

“ಗಾಡಿ ನಿಂತೈತೇನ್ರಿ? ಕುಂಡ್ರಿ. ನನ್ನ ಮಗ ಬರತಾನ, ಗಾಡಿ ಕೆಲಸ ಗೊತ್ತೈತಿ ಅವಗ,” ಎಂದಳು. ಫೋನು ಮಾಡಿದಳು. ಆಮೇಲೆ ನಾನು ಪಕ್ಕದ ಮೊಬೈಲ್ ಅಂಗಡಿಯ ಕಡೆ ನೋಡುತ್ತಿದ್ದುದನ್ನು ಕಂಡು, ದನಿ ತಗ್ಗಿಸಿ ಹೇಳಿದಳು: “ಬ್ಯಾಟ್ರಿ ಕಾಕಾ ಹ್ವಾದ್ರು. ಹ್ವಾದ ವರ್ಷ ಶ್ರಾವಣದಾಗ. ಗುಳೇದಗುಡ್ಡದಾಗs.”

ನನಗೆ ಆ ಸುದ್ದಿ ಗೊತ್ತಿರಲಿಲ್ಲ.

ಬಹಳ ವರ್ಷಗಳ ಹಿಂದೆ ನಾನು ಪತ್ರಿಕೆಗೆ ಹುನಗುಂದ ಭಾಗದ ಸುದ್ದಿ ಕಳಿಸುತ್ತ ಅಮೀನಗಡದಲ್ಲಿ ಬಾಡಿಗೆಗಿದ್ದೆ. ಬ್ಯಾಟರಿ ಅಂಗಡಿಯ ಹಿಂದಿನ ಕೋಣೆ ನನ್ನದು. ಮುಂದಿನ ಅಂಗಡಿಯಾತನನ್ನು ಊರೆಲ್ಲ ಬ್ಯಾಟ್ರಿ ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ಮನೆಯಿಂದ ಬಂದವರು. ಮನೆಯ ಕೈಮಗ್ಗ ನಿಂತ ಮೇಲೆ ಬಾಗಲಕೋಟೆಯಲ್ಲಿ ಯಾರದೋ ಕೈಕೆಳಗೆ ಗಾಡಿಗಳ ವಾಯರಿಂಗ್ ಕಲಿತು, ಹೆದ್ದಾರಿಯ ಊರು ಎಂದು ಇಲ್ಲಿ ಅಂಗಡಿ ಹಾಕಿದ್ದರು. ನೇಕಾರಿಕೆ ಕೈಯಿಂದ ಪೂರಾ ಹೋಗಿರಲಿಲ್ಲ. ವಾಯರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ನೂಲಿನ ಗಂಟು ಹುಡುಕುವವರಂತೆ ಉದ್ದಕ್ಕೂ ಜಾರಿಸುತ್ತಿದ್ದರು. ಒಳಗೆ ತಾಮ್ರ ಕಡಿದಲ್ಲಿ ಬೆರಳು ನಿಲ್ಲುತ್ತಿತ್ತು. ಎಲ್ಲ ಸಲವೂ ನಿಲ್ಲುತ್ತಿರಲಿಲ್ಲ. ತಪ್ಪು ಜಾಗದಲ್ಲಿ ವಾಯರ್ ಕತ್ತರಿಸಿ ತಮ್ಮನ್ನೇ ಬೈದುಕೊಂಡದ್ದನ್ನೂ ನಾನು ನೋಡಿದ್ದೇನೆ.

ಡ್ಯಾಶ್‌ಬೋರ್ಡಿನ ದೀಪ ಮಿನುಗುವ ಗಾಡಿ ಬಂದರೆ ಅವರಿಗೆ ಒಳ್ಳೆಯ ಹುರುಪು. ಬಂದವರು, “ಕಾಕಾ, ಲೈಟ್ ಕುಣ್ಯಾಕತ್ತಾವು ನೋಡ್ರಿ,” ಎನ್ನುವರು. “ಕುಣೀಲಿ ಬಿಡ್ಲೇ. ನಿನ್ನ ಮದವ್ಯಾಗ ಯಾರೂ ಕುಣೀಲಿಲ್ಲ, ಈಗರ ಕುಣೀಲಿ,” ಎನ್ನುತ್ತ ಎದ್ದು ಬರುವರು. ಹೊಸಬರು ಮೊದಲು ಡ್ಯಾಶ್‌ಬೋರ್ಡ್ ಬಿಚ್ಚುತ್ತಾರೆ ಎಂಬುದು ಅವರ ದೂರು. ಅವರು ಅದಕ್ಕೆ ಕೈ ಹಚ್ಚುತ್ತಿದ್ದುದು ಎಲ್ಲಕ್ಕಿಂತ ಕಡೆಗೆ. “ದೀಪದ್ದು ತಪ್ಪಿರೂದಿಲ್ರಿ. ದೀಪ ಚಾಡಿ ಹೇಳತೈತಿ, ಅಷ್ಟ. ಕಳ್ಳ ಬ್ಯಾರೆ ಕಡೆ ಇರತಾನ.”

ಕಳ್ಳನನ್ನು ಹುಡುಕಲು ಅವರಿಗೆ ಒಬ್ಬ ಸಾಕ್ಷಿ ಬೇಕಿತ್ತು. ಬಿಡುವಿದ್ದಾಗ ಅದು ನಾನೇ. ಡ್ರೈವರ್ ಸೀಟಿನಲ್ಲಿ ಕೂತು, ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್ ಹಾಕಿ, ಡ್ಯಾಶ್‌ಬೋರ್ಡ್ ಮೇಲೆ ಕಣ್ಣಿಡಬೇಕು. ಅವರು ಬಾನೆಟ್ಟಿನ ಮರೆಯಲ್ಲಿ ನಿಂತು ಬ್ಯಾಟರಿಯ ಕೇಬಲ್ ಅಲುಗಾಡಿಸುವರು. ಬೆಳಕು ಕುಗ್ಗಿದರೆ ನಾನು “ಬಿತ್ತು” ಎನ್ನಬೇಕು, ಮರಳಿ ಬಂದರೆ “ಎದ್ದಿತು” ಎನ್ನಬೇಕು. ಅಲ್ಲಿ ಏನೂ ಆಗದಿದ್ದರೆ ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ಅರ್ಥಿಂಗ್ ವಾಯರ್. ಅಲ್ಲೂ ಇಲ್ಲದಿದ್ದರೆ ಡೈನಮೋದ ಬೆಲ್ಟು. ಆಮೇಲೆ ಫ್ಯೂಸುಗಳು. ಹೆಚ್ಚಿನ ಗಾಡಿಗಳು ಮೊದಲನೆಯ ಜಾಗದಲ್ಲೇ ಸಿಕ್ಕಿಬೀಳುತ್ತಿದ್ದವು. ಬ್ಯಾಟರಿಯ ತುದಿಗೂ ಅದನ್ನು ಅಪ್ಪಿ ಹಿಡಿಯುವ ಕ್ಲ್ಯಾಂಪಿಗೂ ನಡುವೆ ಕಿಲುಬು ಕೂತಿರುತ್ತಿತ್ತು. ಕರದಂಟಿನ ಅಂಗಡಿಯ ಒಲೆಯಿಂದ ಬಿಸಿನೀರು ತಂದು, ಬಟ್ಟೆ ಒಗೆಯುವ ಸೋಡಾ ಕಲಸಿ ಹೊಯ್ಯುವರು. ನೊರೆ ಉಕ್ಕಿ ಇಳಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ನಟ್ಟು ಬಿಗಿದು, ಮೇಲೆ ಗ್ರೀಸ್ ಹಚ್ಚಿ, ಅಂಗೈಯಿಂದ ಬ್ಯಾಟರಿಯನ್ನು ಎರಡು ಸಲ ತಟ್ಟುವರು. ದನವನ್ನು ತಟ್ಟಿದ ಹಾಗೆ…

ಬಾಡಿಗೆ ಕಾರಿನವನು ಅವರ ಅಂಗಡಿಗೆ ದಿನವೂ ಬರುವ ಗಿರಾಕಿ. ಗಾಡಿ ಕೆಡಲಿ ಬಿಡಲಿ, ಬಂದು ಟೈರಿನ ಮೇಲೆ ಕೂರುವನು. ಬದಾಮಿ, ಐಹೊಳೆ ನೋಡಲು ಬಂದವರನ್ನು ಕರೆದೊಯ್ಯುವುದು, ಮದುವೆ ಮನೆಯವರನ್ನು ಸೀರೆ ಕೊಳ್ಳಲು ಇಳಕಲ್ಲಿಗೆ ಮುಟ್ಟಿಸುವುದು ಅವನ ದುಡಿಮೆ. ಹಳೆಯ ಡೀಸೆಲ್ ಗಾಡಿ. ಬೇವೂರಿನವನು, ಮನೆದೇವರು ಬೀರಪ್ಪ. ಗಾಡಿ ಕೊಂಡ ವರ್ಷ ಐಹೊಳೆಯ ಹಾದಿಯಲ್ಲಿ ಅದು ಹಳ್ಳಕ್ಕೆ ಇಳಿದು ನಿಂತಿತ್ತಂತೆ, ಇವನಿಗೆ ಗೀರೂ ಆಗಿರಲಿಲ್ಲ. ಅವತ್ತು ಸ್ಟಿಯರಿಂಗಿನ ಮುಂದೆ ಬೀರಪ್ಪನ ಗುಡಿಯ ಭಂಡಾರದ ಪುಡಿಕೆ ಇತ್ತು. ಭಂಡಾರವೆಂದರೆ ಅರಿಶಿಣದ ಪುಡಿಯೇ. ಆದರೆ ಗುಡಿಯಿಂದ ಬಂದ ಮೇಲೆ ಅದನ್ನು ಯಾರೂ ಅರಿಶಿಣ ಎನ್ನುವುದಿಲ್ಲ. ಅವತ್ತಿನಿಂದ ಪ್ರತಿ ಅಮಾವಾಸ್ಯೆಗೆ ಅವನ ಹೆಂಡತಿ ಗಾಡಿಯ ಗಾಲಿಗೆ, ಬಾನೆಟ್ಟಿಗೆ, ಸ್ಟಿಯರಿಂಗಿಗೆ ಭಂಡಾರ ಹಚ್ಚಿಯೇ ಹೊರಗೆ ಬಿಡುತ್ತಿದ್ದಳು.

ಒಂದು ದಿನ ಆಕೆ ಗಂಡನಿಗೆ ಬುತ್ತಿ ಕೊಡಲು ಅಂಗಡಿಗೆ ಬಂದಾಗ ನಾನೂ ಅಲ್ಲಿದ್ದೆ. ಬಾನೆಟ್ ತೆರೆದಿತ್ತು. ಆಕೆ ಒಳಗೆ ಇಣುಕಿ ನೋಡಿ ಕೇಳಿದಳು.

“ಕಾಕಾ, ಗಾಡ್ಯಾಗ ಜೀವ ಎಲ್ಲಿರತೈತ್ರಿ?”

“ನಿನ್ನ ಗಂಡನ ಜೀವ ನಿನ್ನ ಬುತ್ತ್ಯಾಗ ಐತಿ. ಗಾಡೀದು ಬ್ಯಾಟ್ರ್ಯಾಗ ಐತಿ ತಂಗಿ,” ಎಂದರು ಕಾಕಾ. ಎಲ್ಲರೂ ನಕ್ಕೆವು. ಆಕೆಯೂ ನಕ್ಕಳು.

ಮುಂದಿನ ಅಮಾವಾಸ್ಯೆಯಿಂದ ಭಂಡಾರ ಬ್ಯಾಟರಿಗೂ ಬಿತ್ತು. ಮೇಲೆ ಅಲ್ಲ. ಮೇಲೆ ಹಾಕಿದರೆ ಗಾಳಿಗೆ ಹಾರಿ ಹೋಗುತ್ತದೆ ಎಂದು, ಗಂಡನಿಂದ ಕ್ಲ್ಯಾಂಪ್ ಸಡಿಲ ಮಾಡಿಸಿ ಅದರ ಒಳಗೆ ಚಿಟಿಕೆ ಭಂಡಾರ ಇಡಿಸುತ್ತಿದ್ದಳು. ಜೀವ ಹೊರಗೆ ಬರುವ ಬಾಯಿ ಅದೇ ಎಂಬುದು ಆಕೆಯ ಲೆಕ್ಕ. ಕಬ್ಬಿಣ, ಸೀಸ, ಆಸಿಡ್ಡು, ಅವುಗಳ ನಡುವೆ ಅರಿಶಿಣ. ಅಮಾವಾಸ್ಯೆಯ ಮೇಲೆ ಅಮಾವಾಸ್ಯೆ ಬಂದು ಅದು ಗಾರೆಯ ಹಾಗೆ ಗಟ್ಟಿಯಾಯಿತು. ಕರೆಂಟು ಹಾಯುವ ದಾರಿ ಕಿರಿದಾಗುತ್ತ ಹೋಯಿತು.

ಆ ವರ್ಷ ಮಹಾನವಮಿಗೆ ಮುಂಚಿನ ಅಮಾವಾಸ್ಯೆಯ ಮಧ್ಯಾಹ್ನ ಅವನು ಬದಾಮಿಯಿಂದ ಬಂದು ಗಾಡಿಯನ್ನು ನೇರ ಅಂಗಡಿಯ ಮುಂದೆ ನಿಲ್ಲಿಸಿದ. ಮೀಟರಿನ ದೀಪಗಳು ಗುಳೇದಗುಡ್ಡದಿಂದ ಈಚೆ ಮಿನುಗುತ್ತಲೇ ಇವೆ, ಹಾರ್ನು ಒಮ್ಮೆ ಕೂಗಿದರೆ ಒಮ್ಮೆ ಇಲ್ಲ ಎಂದ. ನಾನು ಸೀಟಿನಲ್ಲಿ ಕೂತೆ. ಕಾಕಾ ಕೇಬಲ್ ಮುಟ್ಟಿದ ಕೂಡಲೇ ಡ್ಯಾಶ್‌ಬೋರ್ಡಿನ ಬೆಳಕು ಪೂರಾ ಕುಗ್ಗಿತು. “ಬಿತ್ತು,” ಎಂದೆ. ಕೈ ಬಿಟ್ಟರು. “ಎದ್ದಿತು,” ಎಂದೆ. ಕಳ್ಳ ಸಿಕ್ಕಿದ್ದ.

ಕ್ಲ್ಯಾಂಪ್ ಬಿಚ್ಚಿ ನೋಡಿದ ಕಾಕಾ ಒಳಗಿನ ಹಳದಿ ಗಟ್ಟಿಯನ್ನು ಉಗುರಿನಿಂದ ಕೆರೆದರು.

“ಇದೇನಲೇ ಇದು?”

“ಭಂಡಾರ್ರಿ ಕಾಕಾ. ಅಕಿ ಇಡಸ್ತಾಳ.”

“ದೇವರಿಗೆ ಕುಂಡ್ರಾಕ ಬ್ಯಾರೆ ಜಾಗಾ ಸಿಗಲಿಲ್ಲೇನಲೇ? ಬಾಗಲದಾಗ ಕುಂತ್ರ ಒಳಗ ಬರಾವ್ರು ಹ್ಯಾಂಗ ಬರಬೇಕ?”

ಬೀರಪ್ಪನಿಗೆ ಕೈ ಮುಗಿದರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಬಿಸಿನೀರಿಗೆ ಸೋಡಾ ಕಲಸಿ ಹೊಯ್ದರು.

ಅರಿಶಿಣಕ್ಕೆ ಸೋಡಾ ತಗುಲಿದರೆ ಕೆಂಪಾಗುತ್ತದೆ. ಆರತಿಯ ನೀರಿಗೆ ಅರಿಶಿಣ ಸುಣ್ಣ ಕಲಸುವ ಪ್ರತಿ ಮನೆಗೂ ಅದು ಗೊತ್ತಿರುವ ಸಂಗತಿ. ಆದರೆ ಅವತ್ತು ಆ ನೀರು ಬ್ಯಾಟರಿಯಿಂದ ಇಳಿದು, ಎಂಜಿನ್ನಿನ ಮೇಲೆ ಹಾದು, ಗಾಡಿಯ ಹೊಟ್ಟೆಯ ಕೆಳಗಿನಿಂದ ರಸ್ತೆಗೆ ಹರಿದಾಗ ಗಾಢ ಕೆಂಪಾಗಿತ್ತು. ಬಸ್ಸಿಗೆ ಕಾದು ನಿಂತವರು ನೋಡಿದರು. ಕರದಂಟು ಕೊಳ್ಳಲು ಬಂದವರು ನೋಡಿದರು. ಯಾರೋ ಕಾಲು ಹಿಂದೆ ತೆಗೆದುಕೊಂಡರು. “ಏನ್ರಿ ಕಾಕಾ, ಗಾಡಿ ರಕ್ತಾ ಕಾರಾಕತ್ತೈತಿ,” ಎಂದು ಒಬ್ಬ ಚೇಷ್ಟೆ ಮಾಡಿದ. ಅವತ್ತು ಅದು ಚೇಷ್ಟೆಯೇ ಆಗಿತ್ತು.

ಕ್ಲ್ಯಾಂಪ್ ಬೆಳ್ಳಗೆ ಹೊಳೆಯುವ ಹಾಗೆ ಉಜ್ಜಿ ಕಾಕಾ ಮತ್ತೆ ಕೂಡಿಸಿದರು. ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ, ಹಾರ್ನ್ ಒತ್ತಿ ನೋಡಿದೆವು. ದೀಪಗಳು ಅಲುಗಲಿಲ್ಲ. “ಇನ್ನ ಅಲ್ಲಿ ಏನೂ ಇಡಬ್ಯಾಡ್ರಿ ಅಂತ ತಂಗಿಗೆ ಹೇಳು,” ಎಂದರು. ಅವನು ತಲೆಯಾಡಿಸಿ ಊಟಕ್ಕೆ ಮನೆಗೆ ಹೋದ. ಸಂಜೆಗೆ ಬದಾಮಿಯ ರೈಲು ನಿಲ್ದಾಣದಿಂದ ಒಬ್ಬರನ್ನು ಕರೆತರುವುದಿತ್ತು.

ಕತ್ತಲಾಗುವ ಹೊತ್ತಿಗೆ, ಮರಳಿ ಬರುವಾಗ, ಗುಳೇದಗುಡ್ಡ ದಾಟಿದ ಮೇಲೆ ಅವನ ಗಾಡಿ ರಸ್ತೆಯ ಮಗ್ಗುಲಿಗೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರ್‌ನ ಹಿಂಬದಿಗೆ ಹೊಡೆಯಿತು. ಅವನು ಅಲ್ಲೇ ತೀರಿಕೊಂಡ. ಹಿಂದಿನ ಸೀಟಿನಲ್ಲಿದ್ದ ಇಳಕಲ್ಲಿನ ಸೀರೆ ವ್ಯಾಪಾರಿ ಬದುಕಿದ. ಮರುದಿನ ದವಾಖಾನೆಯಲ್ಲಿ ನಾನು ಅವನನ್ನು ಮಾತಾಡಿಸಿದೆ.

“ಮೊದಲ ಮುಂದಿನ ಮೀಟರ್ ಲೈಟ್ ಮಿಣಮಿಣ ಅಂದೂರಿ. ಡ್ರೈವರ್ ಅದನ್ನ ಬೆರಳಿಲೆ ಬಡದ. ಆಮ್ಯಾಲ ಏಕದಮ್ ಭಗ್ ಅಂತ ಭಾಳ ಬೆಳಕಾತ್ರಿ, ರಸ್ತಾ ಪೂರಾ ಬೆಳ್ಳಗ ಕಂಡಿತು. ಮುಂದ ಕತ್ತಲಿ.”

ವರದಿಯಲ್ಲಿ ನಾನು ಬರೆದದ್ದು ಪೊಲೀಸರು ಹೇಳಿದ್ದು: ದೀಪವಿಲ್ಲದೆ ನಿಂತ ಟ್ರೇಲರ್‌ಗೆ ಕಾರು ಡಿಕ್ಕಿ, ಚಾಲಕ ಸಾವು. ಟ್ರೇಲರಿನವನ ಮೇಲೆ ಪ್ರಕರಣವಾಯಿತು. ವ್ಯಾಪಾರಿಯ ಮಾತನ್ನು ಸಂಜೆ ಕಾಕಾನಿಗೆ ಹೇಳಿದೆ. ಅವರು ಕೇಳಿ, ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟರು. ಬ್ಯಾಟರಿಯ ಕ್ಲ್ಯಾಂಪ್ ಸಡಿಲಾಗಿ ಕೂಡು ಬಿಟ್ಟರೆ ಡೈನಮೋದ ಕರೆಂಟು ಹಿಡಿತವಿಲ್ಲದೆ ಏರುತ್ತದೆ, ಬಲ್ಬುಗಳು ಒಮ್ಮೆ ಜೋರಾಗಿ ಉರಿದು ಸುಟ್ಟು ಹೋಗುತ್ತವೆ, ಎಂದು ವಿವರಿಸಿದರು. ದನಿಯಲ್ಲಿ ಏನೂ ಇರಲಿಲ್ಲ. ಆಮೇಲೆ ತಮ್ಮ ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡರು.

“ನಟ್ ಬಿಗಿ ಮಾಡಿದ್ನೋ ಇಲ್ಲೋ, ಪೇಪರ್ ಸಾಹೇಬ್ರ? ಕೂಡಸಿದ್ದು ನೆನಪೈತಿ. ಬಿಗದದ್ದು ನೆನಪಿಲ್ಲ. ದಿನಾ ಮಾಡೂ ಕೆಲಸಾ… ಕೈ ನೆನಪ ಇಟಗೊಳ್ಳೂದಿಲ್ಲ.”

ನನಗೂ ನೆನಪಿರಲಿಲ್ಲ. ನಾನು ಸೀಟಿನಲ್ಲಿ ಕೂತು ದೀಪ ನೋಡುತ್ತಿದ್ದೆ, ಬಾನೆಟ್ಟಿನ ಮರೆಯಲ್ಲಿ ಅವರ ಕೈ ನನಗೆ ಕಾಣುತ್ತಿರಲಿಲ್ಲ.

ಊರಿಗೆ ನಟ್ಟಿನ ಮಾತು ಗೊತ್ತಿರಲಿಲ್ಲ. ಊರಿಗೆ ಗೊತ್ತಿದ್ದುದು ಕೆಂಪು ನೀರು. ಒಂದು ದಿನ ಕಳೆಯುವುದರೊಳಗೆ ಮಾತು ಬಸ್ ನಿಲ್ಲುವಲ್ಲಿಂದ ಹೊರಟು ಬೇವೂರಿನವರೆಗೂ ಹೋಗಿತ್ತು: ಅಮಾವಾಸ್ಯೆಯ ದಿನ, ಬೀರಪ್ಪನ ಭಂಡಾರ ತೊಳೆದ, ಗಾಡಿ ರಕ್ತ ಕಾರಿತು, ಸಂಜೆಗೆ ಹೆಣ ಬಿತ್ತು. ಕಾಕಾನ ಮುಂದೆ ಯಾರೂ ಏನೂ ಅನ್ನಲಿಲ್ಲ. ಗಾಡಿಗಳು ಮಾತ್ರ ಅಂಗಡಿಯ ಮುಂದೆ ನಿಲ್ಲದೆ ಹುನಗುಂದಕ್ಕೆ ಹೋಗತೊಡಗಿದವು. ಬೀರಪ್ಪನ ಗುಡಿಯ ಪೂಜಾರಿಯೇ ಒಂದು ದಿನ ತನ್ನ ಮೋಟರ್ ಸೈಕಲ್ ತಂದು, ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿ, ಬ್ಯಾಟರಿ ತೊಳೆಸಿಕೊಂಡು ಹೋದ. “ನಮ್ಮಪ್ಪ ಸಿಟ್ಟಾಗೂದಿದ್ರ ನನ್ನ ಮ್ಯಾಲ ಮೊದಲ ಆಗಬೇಕು, ಜಳಕಾ ಮಾಡದ ಗುಡಿಗೆ ಹೋಗೇನಿ ಎಷ್ಟೋ ಸಲ,” ಎಂದು ನಗಿಸಲು ನೋಡಿದ. ಕಾಕಾ ನಕ್ಕರು. ಗಿರಾಕಿಗಳು ಬರಲಿಲ್ಲ.

ಅವರಿಗೆ ಗಿರಾಕಿಗಳ ಚಿಂತೆ ಇದ್ದಂತಿರಲಿಲ್ಲ. ಗಾಡಿಯನ್ನು ನೋಡಬೇಕೆಂಬ ಒಂದೇ ಹಟ. ಅದು ಪೊಲೀಸ್ ಠಾಣೆಯ ಹಿಂದಿನ ಬಯಲಿನಲ್ಲಿತ್ತು. ನನಗೆ ಪರಿಚಯವಿತ್ತು, ಕೇಳಿ ಕರೆದೊಯ್ದೆ. ಮುಂದಿನ ಒಂದು ಮಗ್ಗುಲು ಪೂರಾ ಒಳಗೆ ಹೋಗಿತ್ತು. ಬ್ಯಾಟರಿ ಇದ್ದುದು ಇನ್ನೊಂದು ಮಗ್ಗುಲಿಗೆ. ನಾವಿಬ್ಬರೂ ಕೂಡಿ ಬಾನೆಟ್ಟನ್ನು ಮೀಟಿ ಎತ್ತಿದೆವು. ನಾನು ಅದನ್ನು ಹಿಡಿದು ನಿಂತೆ. ಕಾಕಾ ಒಳಗೆ ಬಗ್ಗಿದರು.

ಬಹಳ ಹೊತ್ತು ಬಗ್ಗಿದ್ದರು. ಕೈ ಹೋದದ್ದು ಕಂಡಿತು, ಬೆರಳು ಎತ್ತಿ ಮೂಗಿನ ಹತ್ತಿರ ಹಿಡಿದದ್ದು ಕಂಡಿತು. ಏನಾಯಿತು ಎಂದು ಕೇಳಿದೆ. ಕೈ ಹೊಲಸಾಗಿದೆ, ನೀರು ಕೊಡ್ರಿ ಎಂದರು. ನನ್ನ ಬಾಟಲಿ ಕೊಟ್ಟೆ. ಅಲ್ಲೇ, ಬ್ಯಾಟರಿಯ ಮೇಲೆಯೇ ಕೈ ಹಿಡಿದು, ಬಾಟಲಿ ಬರಿದಾಗುವವರೆಗೆ ತೊಳೆದುಕೊಂಡರು. ಆಮೇಲೆ ಬೆರಳುಗಳನ್ನು ಅಂಗಿಯ ಒಳಮಗ್ಗುಲಿಗೆ ಒರೆಸಿಕೊಂಡು, ಬಾನೆಟ್ ಇಳಿಸಲು ಹೇಳಿದರು.

“ಏನೂ ತಿಳೀವಲ್ದ್ರಿ,” ಎಂದರು.

ಅವತ್ತಿನಿಂದ ಮುಂದೆ ಅವರು ನಟ್ಟಿನ ಮಾತನ್ನು ಎತ್ತಲಿಲ್ಲ. ನಟ್ಟು ಸಡಿಲವಿದ್ದುದನ್ನು ಅವರು ಕಂಡರು, ತಮ್ಮ ಕೈ ತಪ್ಪಿದ್ದು ಅವರಿಗೆ ಖಾತ್ರಿಯಾಯಿತು ಎಂದು ನಾನು ತಿಳಿದೆ. ಹಾಗೆಯೇ ತಿಳಿದುಕೊಂಡು ಇಷ್ಟು ವರ್ಷ ಕಳೆದೆ.

ಅಂಗಡಿ ಆ ಮೇಲೂ ಕೆಲವು ತಿಂಗಳು ತೆರೆದಿತ್ತು. ಆ ದಿನಗಳಲ್ಲಿ ಅವರದೊಂದು ಹೊಸ ರೂಢಿ ಶುರುವಾಯಿತು. ಯಾವ ಗಾಡಿಯ ಬಾನೆಟ್ಟಿನೊಳಗೆ ಭಂಡಾರವೋ ವಿಭೂತಿಯೋ ಕಂಡರೂ ಅದನ್ನು ಒದ್ದೆ ಮಾಡದೆ ಕಾಗದದ ಮೇಲೆ ಕೆರೆದು ತೆಗೆಯುವರು. ಗುಳೇದಗುಡ್ಡದ ಮನೆಯಿಂದ ತಂದ ಖಣದ ತುಂಡುಗಳು ಡಬ್ಬಿಯಲ್ಲಿದ್ದವು. ಒಂದು ತುಂಡಿನಲ್ಲಿ ಆ ಪುಡಿಯನ್ನು ಹಾಕಿ, ನೇಕಾರರ ಗಂಟು ಹಾಕಿ, ಬ್ಯಾಟರಿಯ ಹಿಡಿಕೆಗೆ ಕಟ್ಟುವರು. “ದೇವ್ರು ಮಗ್ಗಲಕ್ಕ ಕುಂಡ್ರಲಿ. ಬಾಗಲಾ ಬಿಡಲಿ,” ಎನ್ನುವರು. ಹೀಗೆ ಕಟ್ಟಿಸಿಕೊಂಡವರು ಬಹಳ ಮಂದಿ ಇರಲಿಲ್ಲ…

ಒಂದು ದಿನ ಅಂಗಡಿ ಖಾಲಿ ಮಾಡಿ ಗುಳೇದಗುಡ್ಡಕ್ಕೆ ಹೋದರು. ನಾನು ಬಾಗಲಕೋಟೆಗೆ ಹೋದ ಮೇಲೆ ಒಮ್ಮೆ ಅವರನ್ನು ನೋಡಲು ಹೋಗಿದ್ದೆ. ತಮ್ಮನ ಮಗನ ಮನೆಯಲ್ಲಿದ್ದರು. ಎರಡು ಪವರ್‌ಲೂಮ್ ಕೂಗುತ್ತಿದ್ದವು, ಮಾತು ಕೇಳುತ್ತಿರಲಿಲ್ಲ. ಕಾಕಾ ಮೂಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದರು. ನೂಲು ಹೆಬ್ಬೆರಳು ತೋರುಬೆರಳಿನ ನಡುವೆ ಜಾರುತ್ತಿತ್ತು. ತಲೆಯ ಮೇಲಿನ ಟ್ಯೂಬ್‌ಲೈಟ್ ಮಿನುಗುತ್ತಿತ್ತು. ಅವರು ಅದರ ಕಡೆ ನೋಡಲಿಲ್ಲ. ಚಹಾ ಕುಡಿಸಿ, ಓಣಿಯ ತುದಿಯವರೆಗೆ ಬಂದು ಬೀಳ್ಕೊಟ್ಟರು. ಬಾಡಿಗೆ ಕಾರಿನವನ ಮನೆಯ ಸುದ್ದಿ ಕೇಳಿದರು, ಹುಡುಗ ಸಾಲಿಗೆ ಹೋಗ್ತಾನೇನು ಎಂದು. ನನಗೆ ತಿಳಿದಿರಲಿಲ್ಲ. ಅದೇ ಕಡೆಯ ಭೇಟಿ.

ಆ ಹುಡುಗ ಈಗ ಮೀಸೆ ಬಂದ ಗಂಡಸು. ಸರಕು ಸಾಗಿಸುವ ಸಣ್ಣ ಗಾಡಿ ಇಟ್ಟುಕೊಂಡಿದ್ದಾನೆ. ಬಂದವನೇ ನನ್ನ ಕಾರಿನ ಬ್ಯಾಟರಿ ನೋಡಿ, “ಅಕ್ಕಿಕಾಳು ಬೆಳದಂಗ ಬೆಳದೈತಲ್ರಿ ಅಂಕಲ್ ಇಲ್ಲಿ, ಇನ್ನೆರಡ ದಿನಾ ಬಿಟ್ಟಿದ್ರ ರಾಶಿ ಮಾಡಬಹುದಿತ್ತು,” ಎಂದು ಅಂಗಡಿಯ ಒಲೆಯಿಂದ ಬಿಸಿನೀರು ತರಲು ಹೋದ. ಅವನ ತಾಯಿ ನನ್ನ ಹತ್ತಿರದ ಮೆಟ್ಟಿಲ ಮೇಲೆ ಕೂತಳು. ಕೈಗೆ ಬೆಲ್ಲದ ಪಾಕ ಮೆತ್ತಿತ್ತು, ಅದನ್ನು ಉಗುರಿನಿಂದ ಕೆರೆಯುತ್ತಿದ್ದಳು.

“ಒಂದ ಮಾತ ಹೇಳಬೇಕ್ರಿ ಅಣ್ಣಾರ. ಕಾಕಾ ಇರೂತನಾ ಹೇಳಬ್ಯಾಡ ಅಂದಿದ್ರು.”

ನಾನು ಆಕೆಯ ಕಡೆ ತಿರುಗಿ ಕೂತೆ.

“ಅವತ್ತ ನಮ್ಮವರು ಊಟಕ್ಕ ಮನಿಗೆ ಬಂದ್ರು. ಕಾಕಾ ಭಂಡಾರ ತೊಳದ್ರು, ಇನ್ನ ಇಡಬ್ಯಾಡ ಅಂದಾರ ಅಂದ್ರು. ನನ್ನ ಜೀವ ಝಲ್ ಅಂತು. ಅಮಾಸಿ ದಿನಾ, ಬರೇ ಮೈಲೆ ಗಾಡಿ ಹ್ಯಾಂಗ ಕಳಸಲ್ರಿ? ಮತ್ತ ಇಡ್ರಿ ಅಂದ್ನಿ. ಅವರು ಒಲ್ಲೆ ಅಂದ್ರು. ನಾ ಊಟಕ್ಕ ನೀಡಲಿಲ್ಲ. ಆಮ್ಯಾಲ ಇಟ್ರು. ಮನ್ಯಾಗ ಪಾನಾ ಇರಲಿಲ್ರಿ. ಇಕ್ಕಳದಾಗ ಹಿಡದು, ನಾನೂ ಕೈ ಹಚ್ಚಿದ ಮ್ಯಾಲ, ಬ್ಯಾಟ್ರಿ ಕ್ಲಿಪ್ಪ ಸಡಿಲ ಮಾಡಿದ್ರು, ಇಕ್ಕಳದಾಗs ಬಿಗದ್ರು. ಬಿಗಿ ಆಗವಲ್ದು, ಬಂದ ಮ್ಯಾಲ ಕಾಕಾನ ಕಡೆ ಮಾಡಸ್ತೇನಿ ಅಂದ್ರು. ಹ್ವಾದ್ರು.”

ಒಳಗೆ ಅಂಗಡಿಯವರು ಆಕೆಯನ್ನು ಕೂಗಿದರು. ಆಕೆ, “ಬಂದ್ನಿರಿ,” ಎಂದಳು. ಏಳಲಿಲ್ಲ.

“ಮಂದಿ ಕಾಕಾನ ಮ್ಯಾಲ ಹಾಕಿದ್ರು. ನಾ ಬಾಯಿ ಬಿಡಲಿಲ್ರಿ. ಬಿಟ್ರ ಏನಂತಾರ? ಗಂಡನ್ನ ಹೆಂಡ್ತಿನs ಕೊಂದ್ಲು ಅಂತಾರ. ಅತ್ತಿ ಮನ್ಯಾಗಿದ್ರು, ಕೂಸ ಸಣ್ಣದಿತ್ತು… ಕಾಕಾ ಅಂಗಡಿ ಖಾಲಿ ಮಾಡೂ ದಿನಾ ತಡೀಲಾರದ ಹೋದ್ನಿ. ಎಲ್ಲಾ ಹೇಳಬೇಕು ಅಂತ ಬಾಯಿ ತಗದ್ನಿ. ಕೈ ಅಡ್ಡ ಹಿಡದ್ರು. ‘ಗೊತ್ತೈತಿ ತಂಗಿ’ ಅಂದ್ರು. ‘ಠಾಣ್ಯಾಗ ನೋಡೇನಿ. ಸೋಡಾ ಹಾಕಿ ತೊಳದ ಜಾಗದಾಗ ಹಸೀ ಭಂಡಾರ ಇತ್ತು, ಹಳದಿ. ತೊಳದ ಬಂದೇನಿ. ಇನ್ನ ಯಾರಿಗೂ ಕಾಣೂದಿಲ್ಲ. ನಾ ಇರೂತನಾ ನೀ ಎಲ್ಲೂ ಹೇಳಬ್ಯಾಡ’ ಅಂದ್ರು.”

ಅವರು ತೊಳೆದದ್ದು ನಾನು ಕೊಟ್ಟ ಬಾಟಲಿಯ ನೀರಿನಿಂದ.

“ನಿಮ್ಮ ಹೆಸರ ಕೆಡತೈತಿ ಕಾಕಾ ಅಂದ್ನಿ. ಅದಕ್ಕ ಅವರೇನಂದ್ರು ಗೊತ್ತೇನ್ರಿ? ‘ಗಾಡಿ ಜೀವ ಬ್ಯಾಟ್ರ್ಯಾಗ ಐತಿ ಅಂತ ನಿನಗ ಹೇಳಿದಾವ ನಾನs ಅಲ್ಲೇನ’ ಅಂದ್ರು. ಒಂದ ಖಣದ ಗಂಟ ಕೈಯಾಗಿಟ್ರು. ಮುಂದ ಹುಡಗ ಗಾಡಿ ತಗೊಂಡ್ರ ಹಿಡಿಕಿಗೆ ಕಟ್ಟು, ಕ್ಲಿಪ್ಪಿಗೆ ಬ್ಯಾಡ ಅಂದ್ರು.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತೆ ತೀರಿಕೊಂಡಿದ್ದಾರೆ, ಕಾಕಾ ಹೋದರು, ಇನ್ನು ಯಾರ ಅಂಜಿಕೆ ಎಂದಳು. ಇದನ್ನು ಬರೆಯಬಹುದೇ ಎಂದು ಕೇಳಿದೆ.

“ಬರೀರಿ. ಕಾಕಾನ ಕೈ ತಪ್ಪಿದ್ದಲ್ಲ, ಅವರ ನಟ್ ಬಿಗಿ ಇತ್ತು, ಇಕ್ಕಳ ಹಚ್ಚಿ ನಾವಿಬ್ಬರೂ ಜೋತ ಬಿದ್ದ ಮ್ಯಾಲ ಸಡಿಲಾತು. ಅದನ್ನ ಬರೀರಿ. ಹೆಸರ ಮಾತ್ರ ಹಾಕಬ್ಯಾಡ್ರಿ. ಅವರದೂ ಬ್ಯಾಡ, ನಮ್ಮದೂ ಬ್ಯಾಡ.”

ಮಗ ನನ್ನ ಬ್ಯಾಟರಿಗೆ ಬಿಸಿನೀರು ಹೊಯ್ದ. ನೊರೆ ಬಿಳಿಯದಾಗಿ ಉಕ್ಕಿ ರಸ್ತೆಗೆ ಇಳಿಯಿತು. ಕ್ಲ್ಯಾಂಪ್ ಉಜ್ಜಿ, ಪಾನಾ ಹಾಕಿ ಬಿಗಿದ. ಆದರೂ ಎಂಜಿನ್ ಏಳಲಿಲ್ಲ, ಬ್ಯಾಟರಿ ಪೂರಾ ಇಳಿದಿತ್ತು. ತನ್ನ ಗಾಡಿಯಿಂದ ಕರೆಂಟು ಕೊಡುತ್ತೇನೆಂದು ಅದನ್ನು ನನ್ನ ಕಾರಿನ ಮಗ್ಗುಲಿಗೆ ತಂದು ನಿಲ್ಲಿಸಿದ. ಎರಡು ದಪ್ಪ ವಾಯರ್ ಎಳೆದ. ತನ್ನ ಬ್ಯಾಟರಿಯ ಮುಚ್ಚಳ ತೆಗೆದ.

ಹಿಡಿಕೆಗೆ ಖಣದ ಗಂಟು ಕಟ್ಟಿತ್ತು. ಬಟ್ಟೆ ಮಾಸಿತ್ತು. ಅದರ ಮೇಲೆ ನಿನ್ನೆಯ ಅಮಾವಾಸ್ಯೆಯ ಭಂಡಾರ ಹಚ್ಚಿತ್ತು. ಕ್ಲ್ಯಾಂಪುಗಳು ಸ್ವಚ್ಛವಿದ್ದವು.